ಕಟ್ಟಿ ಮನಿಯ ಬಿಳಿ ಹಾಳೆ

ಕಪಾಟಿನ ಮೇಲಿನ ಸಾಲು ಒರೆಸುವಾಗ ಆ ಪುಸ್ತಕ ಕೈಗೆ ಬಂತು. ತೆರೆದೊಡನೆ ಭಂಡಾರದ ವಾಸನೆ... ಬೀರಪ್ಪನ ಗುಡಿಯಲ್ಲಿ ಹಣೆಗೆ ಹಚ್ಚುವ ಅರಿಷಿಣದ ಪುಡಿ ಹಾಳೆಗಳ ನಡುವೆ ಇಷ್ಟು ವರ್ಷ ಹಾಗೇ ಕುಳಿತಿತ್ತು. ಬೆರಳು ಹಳದಿಯಾಯಿತು. ಒರೆಸುವ ಕೆಲಸ ಅಲ್ಲಿಗೇ ಬಿಟ್ಟು ನೆಲದ ಮೇಲೆ ಕುಳಿತುಬಿಟ್ಟೆ.

ರಬಕವಿಯಲ್ಲಿ ಆಗ ನನ್ನದೊಂದು ಡಿಟಿಪಿ ಅಂಗಡಿ. ಎರಡೂ ಮಗ್ಗುಲಿಗೆ ಮಗ್ಗದ ಶೆಡ್ಡುಗಳು. ಆ ಖಟಖಟದಲ್ಲೇ ಮದುವೆ ಕಾರ್ಡು, ಸೀರೆ ಅಂಗಡಿಯ ಬಿಲ್ ಬುಕ್ಕು ಮಾಡಿಕೊಂಡು ನಾನು ಭಾರೀ ಜಾಣೆ ಎಂದುಕೊಂಡಿದ್ದೆ. ಹಿಂದಿನ ಓಣಿಯಲ್ಲಿ ಅಕ್ಕೋರು ಬಾಡಿಗೆಗಿದ್ದರು. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಊರಿನವರು. ಆಲಮಟ್ಟಿಯ ಹಿನ್ನೀರು ಬಂದು ಆ ಊರು ಎದ್ದುಹೋಗುತ್ತಿದ್ದ ಕಾಲ ಅದು.

ಒಂದು ಮಧ್ಯಾಹ್ನ ಬಂದು, "ಯವ್ವಾ, ನಮ್ಮೂರಿಂದು ಒಂದು ಪುಸ್ತಕ ಮಾಡೂನು. ನಿನ್ನ ಕಂಪ್ಯೂಟರ್ ಕೊಡ್ತಿಯೇನು?" ಎಂದರು.

ಊರಿನ ಒಂದೊಂದು ಮನೆಗೂ ಒಂದೊಂದು ಪುಟ. ಮನೆಗಳ ಸಾಲು ಮಾತ್ರ ಬೀರಪ್ಪನ ಪಲ್ಲಕ್ಕಿ ಮನೆಮನೆಗೆ ಹೋಗುವ ಕ್ರಮದಲ್ಲೇ ಇರಬೇಕು. ಮುಳುಗಡೆಯವರಿಗೆ ಸರ್ಕಾರ ಕೊಟ್ಟ ಹೊಸ ಊರಿನಲ್ಲಿ ಚೀಟಿ ಎತ್ತಿ ಜಾಗ ಹಂಚಿದ್ದರಿಂದ ನೆರೆಹೊರೆಯೆಲ್ಲ ಚದುರಿಹೋಗಿತ್ತು. ಯಾರ ಮನೆಯಾದ ಮೇಲೆ ಯಾರದು ಎಂದು ಆಗಲೇ ತಂಟೆ ಶುರುವಾಗಿತ್ತು. ಮುಂದಿನ ಪಲ್ಲಕ್ಕಿಯ ಹೊತ್ತಿಗೆ ಪುಸ್ತಕ ಪೂಜಾರಿಯ ಕೈಯಲ್ಲಿರಬೇಕೆಂದು ಅಕ್ಕೋರ ಹಟ.

ನಾನೋ ಎಲ್ಲವನ್ನೂ ಒಂದೇ ಫೈಲಿನಲ್ಲಿ ಟೈಪ್ ಹೊಡೆದು, ಮೌಸ್ ಹಿಡಿದು ಎಳೆದು ಕೂಡಿಸುವವಳು. ಅಕ್ಕೋರು ನಕ್ಕರು. ಅವರು ತಂದ ಪ್ರೋಗ್ರಾಮಿನಲ್ಲಿ ಪುಟ ಕಣ್ಣಿಗೇ ಕಾಣುತ್ತಿರಲಿಲ್ಲ. ಬರೀ ಅಪ್ಪಣೆಗಳನ್ನು ಬರೆಯಬೇಕು, ಪುಟ ತಾನೇ ಕಟ್ಟಿಕೊಂಡು ಬರುತ್ತದೆ. ಒಂದು ಮನೆಗೆ ಒಂದು ಸಣ್ಣ ಫೈಲು. ಎಲ್ಲಕ್ಕೂ ಮೇಲೆ ಒಂದು ತಾಯಿ ಫೈಲು. ತಾಯಿಯಲ್ಲಿ ಮನೆಗಳ ಹೆಸರಷ್ಟೇ: ಬಾವಿ ಮನಿ, ಬೇವಿನಗಿಡದ ಮನಿ, ಕಟ್ಟಿ ಮನಿ... ಅದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಸಾಲಾಗಿ ನಿಲ್ಲಿಸುತ್ತಿತ್ತು. ಯಾರದೋ ಮುತ್ತಜ್ಜಿಯ ಹೆಸರು ತಪ್ಪಿದ್ದರೆ ಆ ಒಂದು ಮನೆಯೊಳಗೆ ಹೋಗಿ ತಿದ್ದಿ ಬಂದರಾಯಿತು, ಉಳಿದವರ ಗೊಡವೆ ಇಲ್ಲ.

ಲೆಕ್ಕಕ್ಕೆ ಅಕ್ಕೋರು ಬೇರೆಯೇ ಒಂದು ಪುಟ್ಟ ಪ್ರೋಗ್ರಾಮು ಬರೆದಿದ್ದರು. ಹಿನ್ನೀರಿನ ಮಟ್ಟ, ಹಳೆಯ ಮನೆಯ ಹೊಸ್ತಿಲ ಎತ್ತರ, ಹೊಸ ಊರಿನ ಪ್ಲಾಟು ಕೊಟ್ಟರೆ ಅದು ಎರಡು ಸಾಲು ಹೇಳುತ್ತಿತ್ತು. ಹೊಸ್ತಿಲ ಮೇಲೆ ಎಷ್ಟು ನೀರು ನಿಲ್ಲುತ್ತದೆ ಎಂದು ಒಂದು, ಇಲ್ಲಿಂದ ಮುಂದಿನ ಮನೆ ಯಾವ ದಿಕ್ಕಿಗೆ ಎಂದು ಇನ್ನೊಂದು. ಪುಟ ಕಟ್ಟುವ ಪ್ರೋಗ್ರಾಮು ನಡುವೆ ಒಂದು ಕ್ಷಣ ತಡೆದು, ಹೊರಗಿನ ಈ ಲೆಕ್ಕದ ಪ್ರೋಗ್ರಾಮನ್ನು ಕೇಳಿ, ಉತ್ತರ ತಂದು ಪುಟದಲ್ಲಿ ಕೂಡಿಸಿ ಮುಂದೆ ಹೋಗುತ್ತಿತ್ತು. ನನಗೆ ಅದೊಂದು ಮಾಯೆಯಂತೆಯೇ ಇತ್ತು.

ಒಮ್ಮೆ ಅಕ್ಕೋರು ಹಿನ್ನೀರಿನ ಮಟ್ಟದ ಜಾಗದಲ್ಲಿ ಅಣೆಕಟ್ಟಿಗೂ ಮುಂಚಿನ ಹೊಳೆಯ ಮಟ್ಟ ಹಾಕಿದರು. ಬದಲಿಸಿದ್ದು ಒಂದೇ ಕಡೆ. ಪುಸ್ತಕ ಮತ್ತೆ ಕಟ್ಟಿಕೊಂಡು ಬಂದಾಗ ಎಲ್ಲ ಹೊಸ್ತಿಲೂ ಒಣಗಿದ್ದವು. ಅಷ್ಟರಲ್ಲಿ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತವು. ಕಪ್ಪಾದ ಪರದೆಯನ್ನೇ ನೋಡುತ್ತ ಇಬ್ಬರೂ ಕುಳಿತಿದ್ದೆವು. ಹೊರಗೆ ಯಾರೋ ಬಾವಿಗೆ ಕೊಡ ಇಳಿಸಿದಂತೆ ನನಗೆ ಕೇಳಿಸಿತು. ನಮ್ಮ ಓಣಿಯಲ್ಲಿ ಬಾವಿಯೇ ಇರಲಿಲ್ಲ...

ಆದರೆ ಪುಸ್ತಕ ಪ್ರತಿ ಸಲವೂ ಒಂದೇ ಕಡೆ ಮುಗ್ಗರಿಸಿ ನಿಲ್ಲುತ್ತಿತ್ತು. ಕಟ್ಟಿ ಮನಿ. ಅದು ಅಕ್ಕೋರದೇ ಮನೆ. ತಂದೆತಾಯಿ ಹೋದ ಮೇಲೆ ಉಳಿದವರು ಅವರೊಬ್ಬರೇ. ಗೊತ್ತಿಲ್ಲದ ಬಯಲಲ್ಲಿ ಒಬ್ಬಳೇ ಮನೆ ಕಟ್ಟಿಕೊಂಡು ಏನು ಮಾಡಲಿ ಎಂದು ಹೊಸ ಊರಿನಲ್ಲಿ ಜಾಗವನ್ನೇ ಕೇಳಿರಲಿಲ್ಲ. ಮನೆಯಿಲ್ಲದಿದ್ದರೆ ಪಲ್ಲಕ್ಕಿ ಎಲ್ಲಿ ನಿಲ್ಲಬೇಕು ಎಂಬುದು ನೆನಪಾದದ್ದು ಆಮೇಲೆ. ಪ್ಲಾಟು ಇಲ್ಲದ್ದರಿಂದ ಲೆಕ್ಕದ ಪ್ರೋಗ್ರಾಮಿಗೆ ಉತ್ತರ ತೋಚುತ್ತಿರಲಿಲ್ಲ.

"ಒಂದು ಸೊನ್ನಿ ಹಾಕಿಬಿಡ್ರಿ ಅಕ್ಕೋರ, ಮುಂದ ಹೋಗ್ಲಿ," ಎಂದೆ.

"ಸೊನ್ನಿ ಹಾಕಿದ್ರ ಸುಳ್ಳ ಆಕ್ಕೈತಿ. ತಗದಬಿಟ್ರ..." ಎಂದು ನಿಲ್ಲಿಸಿದರು. "ಪಲ್ಲಕ್ಕಿ ನಿಂದ್ರಲಾರದ ಮನಿ ಊರಾಗಿನ ಮನಿ ಹೆಂಗ ಆಕ್ಕೈತಿ, ಹೇಳು."

ಮರುದಿನ ಶಾಲೆಗೆ ಹೋಗುವ ಮುಂಚೆ ಅಕ್ಕೋರು ಓಡೋಡಿ ಬಂದರು. ಕಣ್ಣು ಹೊಳೆಯುತ್ತಿದ್ದವು. "ಕದಾ ಹಾಕಿದ ಮನಿ ಮುಂದೂ ಪಲ್ಲಕ್ಕಿ ಒಂದ ಗಳಿಗಿ ನಿಂತ ಹೋಗತೈತಿ. ಇದಕ್ಕೂ ಹಂಗ ಕಲಿಸೂನು." ತಾಯಿ ಫೈಲಿನಲ್ಲಿ ಹೊಸ ಅಪ್ಪಣೆ ಸೇರಿತು: ಲೆಕ್ಕಕ್ಕೆ ಉತ್ತರ ಸಿಗದ ಮನೆಗೂ ಪುಟ ಕೊಡು. ಮೇಲೆ ಹೆಸರು, ಕೆಳಗೆ ಮುಂದಿನ ಮನೆಯ ಹೆಸರು, ನಡುವೆಲ್ಲ ಬಿಳಿ.

ಪಲ್ಲಕ್ಕಿಯ ದಿನ ನಾನೂ ಹೋಗಿದ್ದೆ. ಡೊಳ್ಳಿನ ಹಿಂದೆ ಒಬ್ಬ ಹುಡುಗಿ ಪುಸ್ತಕ ಓದುತ್ತಿದ್ದಳು. ಪಲ್ಲಕ್ಕಿ ಈ ಸಾಲಿನಿಂದ ಆ ಸಾಲಿಗೆ, ಆ ತುದಿಯಿಂದ ಈ ತುದಿಗೆ ಅಲೆಯುತ್ತಿತ್ತು. ಹೊತ್ತವರು ಬೆವತು ಗೊಣಗಿದರೂ ಒಂದು ಮನೆಯೂ ಹೆಚ್ಚುಕಡಿಮೆಯಾಗಲಿಲ್ಲ. ಹುಡುಗಿ "ಕಟ್ಟಿ ಮನಿ" ಎಂದು ಓದಿ ಸುಮ್ಮನಾದಳು.

"ಯಾಕ ನಿಂತಿ, ಓದು," ಎಂದ ಪೂಜಾರಿ ಅಜ್ಜ.

"ನಡುವ ಏನೂ ಇಲ್ಲ ಅಜ್ಜಾ. ಹಾಳಿ ಖಾಲಿ ಐತಿ."

ಅಕ್ಕೋರು ಗುಂಪಿನ ಅಂಚಿನಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದರು.

ಅಜ್ಜ ಪುಸ್ತಕ ಇಸಿದುಕೊಂಡು ಹಾಳೆಯನ್ನು ನೋಡಿದ. "ಖಾಲಿ ಇದ್ರ ಏನಾತು? ಹೆಸರೈತಲ್ಲ. ಪಲ್ಲಕ್ಕಿ ನಿಂದ್ರಸ್ರಿ."

ನಡುರಸ್ತೆಯಲ್ಲೇ ಪಲ್ಲಕ್ಕಿ ನಿಂತಿತು. ಅಜ್ಜ ತೆರೆದ ಹಾಳೆಯ ಮೇಲೆ ಹಿಡಿ ಭಂಡಾರ ತೂರಿ, "ಕಟ್ಟಿ ಮನಿಯಾಕಿ ಎಲ್ಲಿ? ನೀರ ಹಾಕಬೇಕಲ್ಲ?" ಎಂದು ಕೂಗಿದ. ಪಲ್ಲಕ್ಕಿ ಹೊತ್ತವರ ಕಾಲಿಗೆ ಮನೆಯವರು ನೀರು ಹಾಕುವುದು ಪದ್ಧತಿ. ಅಕ್ಕೋರ ಹತ್ತಿರ ಕೊಡವಿರಲಿಲ್ಲ, ಬಾಗಿಲಿರಲಿಲ್ಲ. ಯಾರದೋ ಮನೆಯಿಂದ ತುಂಬಿದ ತಂಬಿಗೆ ಬಂತು. ಅಕ್ಕೋರು ಅಳುತ್ತ ನೀರು ಹಾಕಿದರು. ನಾನೂ ಅತ್ತೆ. ನನ್ನ ಕೈಲಿದ್ದ ಪ್ರತಿಯ ಅದೇ ಹಾಳೆಗೂ ಅಜ್ಜ ಒಂದು ಚಿಟಿಕೆ ಭಂಡಾರ ಹಾಕಿಕೊಟ್ಟ.

ಈಗ ಅಕ್ಕೋರು ಇಲ್ಲ. ಹೋಗಿ ಕೆಲವು ವರ್ಷವಾಯಿತು. ಮಗ್ಗದ ಶೆಡ್ಡುಗಳಲ್ಲೂ ಮೊದಲಿನ ಸದ್ದಿಲ್ಲ. ಮೊನ್ನೆ ಹೊಸ ಊರಿನವರು ಬಂದು, ಪುಸ್ತಕ ಮತ್ತೆ ಅಚ್ಚು ಹಾಕಿಸೋಣ ಎಂದರು. ಹಳೆಯ ಸಿಡಿ ಹುಡುಕಿ ನಡೆಸಿದೆ. ತಾಯಿ ಫೈಲು ಒಂದೊಂದೇ ಮನೆಯನ್ನು ಕರೆಯುತ್ತ ಬಂತು, ಕಟ್ಟಿ ಮನಿಯ ಹತ್ತಿರ ಬಿಳಿ ಹಾಳೆ ಇಟ್ಟು ಮುಂದೆ ಹೋಯಿತು. ಅಕ್ಕೋರು ಹೇಳಿಕೊಟ್ಟದ್ದನ್ನು ಅದು ಮರೆತಿರಲಿಲ್ಲ.

"ಖಾಲಿ ಹಾಳ್ಯಾಗ ಅಕ್ಕೋರ ಫೋಟೋ ಹಾಕೂನ್ರಿ," ಎಂದರು ಬಂದವರು.

ಬೇಡವೆಂದೆ. ಆ ಹಾಳೆ ಹಾಗೇ ಇರಲಿ. ಪ್ರತಿ ವರ್ಷ ಅಲ್ಲಿ ಭಂಡಾರ ಬೀಳಬೇಕು... ತಂಬಿಗೆ ಹಿಡಿಯುವವರು ಮಾತ್ರ ಈಗ ಯಾರೂ ಇಲ್ಲ. ಈ ಸಲ ಪಲ್ಲಕ್ಕಿಗೆ ನಾನೇ ಒಂದು ಕೊಡ ನೀರು ತಗೊಂಡು ಹೋಗುವವಳಿದ್ದೇನೆ.