ಶೇಖರಮ್ಮ ನೋಡಿದ ಕಪ್ಪು ಬಿಳುಪಿನ ಜಗಳಗಳು

ಲಿಂಗಸುಗೂರಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಕರಿಬಸಯ್ಯನವರ ಮಾಳಿಗೆ ಮೇಲಿನ ಕೋಣೆಯಲ್ಲಿ ನಾನು ಮೂರು ವರ್ಷ ಬಾಡಿಗೆಗಿದ್ದೆ. ೧೯೯೩ರಲ್ಲಿ ಅಲ್ಲಿನ ಹೈಸ್ಕೂಲೊಂದಕ್ಕೆ ಇಂಗ್ಲಿಷ್ ಮಾಸ್ತರನಾಗಿ ಬಂದಾಗ ನನಗೆ ಇಪ್ಪತ್ತಾರು. ನನ್ನ ಊರು ಮಸ್ಕಿ. ಶನಿವಾರ ಶಾಲೆ ಬಿಟ್ಟೊಡನೆ ಬಸ್ಸು ಹತ್ತಿ ಅವ್ವನ ಬಳಿ ಹೋಗುತ್ತಿದ್ದೆ. ಕೆಳಗಿನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಅವರು ಒಬ್ಬರೊಡನೊಬ್ಬರು ಮಾತಾಡುವುದಿಲ್ಲವೆಂದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು.

ನೋಡಿದರೆ ಜಗಳವಾಡಿದ ಮನೆಯಂತಿರಲಿಲ್ಲ. ಶೇಖರಮ್ಮ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿಯುತ್ತಿದ್ದರು. ಕರಿಬಸಯ್ಯ ಲಿಂಗಪೂಜೆ ಮುಗಿಸಿ ತಟ್ಟೆಯ ಮುಂದೆ ಕೂರುತ್ತಿದ್ದರು. ಬೇಳೆ ಮುಗಿದಿದ್ದರೆ ಆಕೆ ಗೋಡೆಯ ಕಡೆ ನೋಡಿ ಬೇಳೆ ಮುಗಿದಿದೆ ಎನ್ನುತ್ತಿದ್ದರು, ಸಂಜೆ ಬೇಳೆ ಬರುತ್ತಿತ್ತು. ಕರಿಬಸಯ್ಯನವರಿಗೆ ಏನಾದರೂ ಹೇಳಬೇಕಿದ್ದರೆ ಮುಸುರೆ ತಿಕ್ಕಲು ಬರುವ ಪೀರ್‌ಬೀಗೆ ಹೇಳುತ್ತಿದ್ದರು. ಪೀರ್‌ಬೀ ಅದನ್ನು ಎರಡು ಮಾರು ದೂರದಲ್ಲಿ ನಿಂತಿರುತ್ತಿದ್ದ ಶೇಖರಮ್ಮನಿಗೆ ಮುಟ್ಟಿಸುತ್ತಿದ್ದಳು.

ಕಾರಣ ತಿಳಿಸಿದವಳೂ ಅವಳೇ. ಅವರಿಗೆ ಒಬ್ಬಳೇ ಮಗಳಿದ್ದಳು, ಗುರುಲಿಂಗಮ್ಮ. ಎಂಟು ವರ್ಷದ ಹಿಂದೆ, ಅವಳಿಗೆ ಒಂಬತ್ತು ವರ್ಷವಿದ್ದಾಗ, ದಸರೆಯ ರಜೆಗೆ ವಳಕಮದಿನ್ನಿಯಿಂದ ಸೋದರಮಾವ ಕರೆಯಲು ಬಂದಿದ್ದ. ತಂದೆ ಬೇಡವೆಂದರು. ನಾಲ್ಕು ದಿನ ತಾನೇ ಎಂದು ಶೇಖರಮ್ಮ ಕಳಿಸಿದರು. ಮೂರನೆಯ ದಿನ ಬಟ್ಟೆ ಒಗೆಯುವ ಹೆಂಗಸರ ಜೊತೆ ಹೋದ ಹುಡುಗಿ ಕಾಲುವೆಯ ಮೆಟ್ಟಿಲಲ್ಲಿ ಜಾರಿದಳು. ಮರುದಿನ ಬಹಳ ಕೆಳಗೆ, ಗದ್ದೆಗೆ ನೀರು ಬಿಡುವ ತೂಬಿನ ಹತ್ತಿರ ಸಿಕ್ಕಳು. ಮಣ್ಣು ಮಾಡಿ ಬಂದ ಕರಿಬಸಯ್ಯ ಹೆಂಡತಿಯನ್ನು ಬೈಯಲಿಲ್ಲ, ತವರಿಗೂ ಅಟ್ಟಲಿಲ್ಲ. ಮಾತು ಬಿಟ್ಟರು, ಅಷ್ಟೇ.

ನಾನು ಬಂದ ಮರುವರ್ಷ ಇಮಾಮ್‌ಸಾಬ್ ಎಂಬಾತ ಊರಿಗೆ ಕೇಬಲ್ ಎಳೆದ. ಅವನ ತಂತಿಗೆ ನಮ್ಮ ಮಾಳಿಗೆಯ ಮೇಲೊಂದು ಕಂಬ ಬೇಕಿತ್ತು, ಹಾಗಾಗಿ ಮನೆಗೆ ಪುಕ್ಕಟೆ ಕನೆಕ್ಷನ್ ಕೊಟ್ಟ. ಕರಿಬಸಯ್ಯ ಸಂಜೆಯ ವಾರ್ತೆ ಬಿಟ್ಟು ಮತ್ತೇನನ್ನೂ ನೋಡುತ್ತಿರಲಿಲ್ಲ. ಇಮಾಮ್‌ಸಾಬ್ ತನ್ನ ಅಂಗಡಿಯಲ್ಲೇ ವಿ.ಸಿ.ಆರ್. ಇಟ್ಟು ಕ್ಯಾಸೆಟ್ ಹಾಕಿ ಊರಿಗೆಲ್ಲ ಸಿನಿಮಾ ಬಿಡುತ್ತಿದ್ದ. ಒಮ್ಮೆ ಹೈದರಾಬಾದಿನಲ್ಲಿ ಮುಚ್ಚುತ್ತಿದ್ದ ವಿಡಿಯೊ ಅಂಗಡಿಯಿಂದ ಒಂದು ಚೀಲ ಕ್ಯಾಸೆಟ್ ತಂದ. ಎಲ್ಲ ತೆಲುಗು ಎಂದುಕೊಂಡಿದ್ದ. ಬಿಚ್ಚಿ ನೋಡಿದರೆ ಇಪ್ಪತ್ತರಷ್ಟು ಹಳೆಯ ಅಮೆರಿಕದ ಚಿತ್ರಗಳು, ಕಪ್ಪು ಬಿಳುಪು, ಎಲ್ಲ ನಗೆಯವು, ಯಾರೂ ಹೆಸರು ಕೇಳದವು. ದಂಡವಾಗಬಾರದೆಂದು ಮಧ್ಯಾಹ್ನ ಎರಡರಿಂದ ನಾಲ್ಕು, ಊರು ಮಲಗುವ ಹೊತ್ತಿಗೆ, ಅವನ್ನು ಹಾಕತೊಡಗಿದ. ಜನ ಬೈದರು. ನಿಲ್ಲಿಸಬೇಕೆಂದುಕೊಂಡಿದ್ದ ವಾರವೇ ಶೇಖರಮ್ಮ ತಲೆಯ ಮೇಲೆ ಸೆರಗು ಹೊದ್ದು ಅವನ ಅಂಗಡಿಗೆ ಹೋಗಿ, ಆ ಸಿನಿಮಾ ನಿಲ್ಲಿಸಬೇಡ ಎಂದು ಕೇಳಿಕೊಂಡರಂತೆ.

"ಅದು ಬೇಕು ಅಂತ ಬಂದವ್ರು ಊರೊಳಗ ಅವರೊಬ್ಬರ ನೋಡ್ರಿ, ಸರ" ಎಂದು ಇಮಾಮ್‌ಸಾಬ್ ನನಗೆ ಹೇಳಿದ. ಅವರೊಬ್ಬರಿಗಾಗಿ ಮುಂದುವರಿಸಿದ.

ಒಂದು ಶನಿವಾರ ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದಾಗ ಒಳಗಿನಿಂದ ನಗು ಕೇಳಿತು. ಆ ಮನೆಯಲ್ಲಿ ಅದನ್ನು ನಾನು ಕೇಳಿದ್ದು ಅದೇ ಮೊದಲು. ಬಾಗಿಲು ತೆರೆದಿತ್ತು. ಶೇಖರಮ್ಮ, ಪೀರ್‌ಬೀ ಇಬ್ಬರೂ ಟಿ.ವಿ. ಮುಂದೆ ಕೂತಿದ್ದರು. ಪರದೆಯ ಮೇಲೆ ತುಪ್ಪಳದ ಕೋಟು ತೊಟ್ಟ ಹೆಂಗಸೊಬ್ಬಳು ಟ್ಯಾಕ್ಸಿಯಲ್ಲಿ ಟಗರೊಂದನ್ನು ಪಕ್ಕಕ್ಕೆ ಕೂರಿಸಿಕೊಂಡು ಬಿಟ್ಟುಹೋದ ಗಂಡನನ್ನು ಹುಡುಕುತ್ತಿದ್ದಳು. ಟಗರು ಡ್ರೈವರನ ಟೋಪಿ ತಿನ್ನುತ್ತಿತ್ತು. ಶೇಖರಮ್ಮ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದರು, ಕಣ್ಣಲ್ಲಿ ನೀರು. ನನ್ನನ್ನು ಕಂಡು ನಾಚಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಸರ, ಆಕಿ ಏನಂತಾಳ್ರಿ?"

ನಾನು ಹೊಸ್ತಿಲ ಬಳಿ ಕೂತೆ. ಆ ದಿನ ಮಸ್ಕಿಯ ಬಸ್ಸು ತಪ್ಪಿತು, ಆಮೇಲಿನ ಎಷ್ಟೋ ಶನಿವಾರಗಳಲ್ಲಿಯೂ.

ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಕಲಿಸುವವನು. ಆ ಅಮೆರಿಕದವರು ಹುರಿದ ಜೋಳ ಸಿಡಿದಂತೆ ಆಡುವ ಮಾತಿನಲ್ಲಿ ನಾಲ್ಕಾಣೆಯೂ ನನಗೆ ದಕ್ಕುತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆ. ಮುಖ ನೋಡಿ ಊಹಿಸಿ, ಉಳಿದದ್ದನ್ನು ಕಟ್ಟಿ ಹೇಳುತ್ತಿದ್ದೆ.

ಶೇಖರಮ್ಮನಿಗೆ ನನಗಿಂತ ಹೆಚ್ಚು ಕಾಣುತ್ತಿತ್ತು. ಮೂರು ಚಿತ್ರಗಳಲ್ಲಿ ಜಡ್ಜ್ ಆದವನು ಒಬ್ಬನೇ ದಪ್ಪ ಮನುಷ್ಯ ಎಂದು ಗುರುತು ಹಿಡಿದವರು ಅವರು. ಅಗಲ ಬಾಯಿಯ, ಅಷ್ಟೇನೂ ಚೆಲುವೆಯಲ್ಲದ ನಟಿಯೊಬ್ಬಳಿಗೆ ದೊಡ್ಡಬಾಯವ್ವ ಎಂದು ಹೆಸರಿಟ್ಟಿದ್ದರು. ಅವಳು ಬಂದರೆ ರೊಟ್ಟಿಯ ಹಿಟ್ಟನ್ನು ಹಾಗೇ ಬಿಟ್ಟು ಬಂದು ಕೂರುತ್ತಿದ್ದರು. ಆ ಚಿತ್ರಗಳಲ್ಲಿ ಗಂಡ ಹೆಂಡಿರು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಹೆಂಡತಿ ಹೂದಾನಿ ಎಸೆದರೆ ಗಂಡ ಅದನ್ನು ಹಿಡಿದು ಹೂವು ವಾಪಸು ಕೊಡುತ್ತಿದ್ದ. ಕೋರ್ಟಿಗೆ ಹೋಗಿ ಬೇರೆಯಾಗುತ್ತಿದ್ದರು, ಮೆಟ್ಟಿಲಿಳಿಯುವಾಗ ಮತ್ತೆ ಜಗಳ ತೆಗೆಯುತ್ತಿದ್ದರು. ಇವರು ಬೈದಾಡುತ್ತಿದ್ದಾರೋ ಮುದ್ದಾಡುತ್ತಿದ್ದಾರೋ ಎಂದು ಪೀರ್‌ಬೀ ಕೇಳುತ್ತಿದ್ದಳು. ಎರಡೂ ಒಂದೇ ಎಂದರು ಶೇಖರಮ್ಮ ಒಮ್ಮೆ. ಸಿನಿಮಾ ಮುಗಿದ ಮೇಲೆ ಆ ಮನೆ ಇನ್ನಷ್ಟು ಮೌನವಾಗಿ ತೋರುತ್ತಿತ್ತು.

೧೯೯೫ರ ಬೇಸಿಗೆಯ ಒಂದು ಶನಿವಾರ ದೊಡ್ಡಬಾಯವ್ವನ ಸಿನಿಮಾ ಬಂತು. ಕೊನೆಯ ಹೊತ್ತಿಗೆ, ಪೆಟ್ಟಿಗೆ ಕಟ್ಟಿ ಹೊರಟ ಗಂಡನ ಬಾಗಿಲಿಗೆ ಅಡ್ಡ ನಿಂತು ಅವಳು ಏನೋ ಹೇಳತೊಡಗಿದಳು. ನಗೆಯಿಲ್ಲದ ಮಾತು, ಉದ್ದನೆಯ ಮಾತು. ಏನಂದಳು ಎಂದು ಶೇಖರಮ್ಮ ಕೇಳಿದರು. ಒಂದು ಅಕ್ಷರವೂ ನನಗೆ ತಿಳಿದಿರಲಿಲ್ಲ.

"ನನ್ನ ಬೈ, ಬೇಕಾದ್ರ ಹೊಡಿ, ಆದ್ರ ಸುಮ್ಮನ ಇರಬ್ಯಾಡ ಅಂತಾಳ್ರಿ" ಎಂದೆ.

ಮರುದಿನ ಮಧ್ಯಾಹ್ನ ಕರಿಬಸಯ್ಯ ಊಟಕ್ಕೆ ಕೂತಾಗ ಶೇಖರಮ್ಮ ಬಾಗಿಲಿಗೆ ಅಡ್ಡ ನಿಂತು ಅದೇ ಮಾತನ್ನು ಅಂದರಂತೆ. ಗಂಡನ ಮುಖ ನೋಡಿ, ಹತ್ತು ವರ್ಷದಲ್ಲಿ ಮೊದಲ ಸಲ. ಕರಿಬಸಯ್ಯ ಅರ್ಧ ಊಟಕ್ಕೆ ಎದ್ದು ಕೈ ತೊಳೆದರು. ಹೊರಡಲು ಆಕೆ ದಾರಿ ಬಿಡಲಿಲ್ಲ. ಕಡೆಗೆ ಅವರು ನಿಂತಲ್ಲೇ ಬಾಯಿ ತೆರೆದರು.

"ನಾ ಬಾಯಿ ತೆಗದ್ರ ಒಂದ ಮಾತು ಬರತೈತಿ. ನಾ ಬ್ಯಾಡ ಅಂದಿದ್ದೆ, ನೀ ಕಳಿಸಿದಿ."

"ಹೌದ್ರಿ. ನಾನ ಕಳಿಸೀನಿ."

ಮೇಲಿನ ಕೋಣೆಯಲ್ಲಿದ್ದ ನನಗೆ ಕೇಳಿಸಿದ್ದು ಆಮೇಲಿನದು. ಐವತ್ತೈದು ದಾಟಿದ ಗಂಡಸು ಮಗಳ ಹೆಸರು ಹಿಡಿದು ಅಳುವ ಸದ್ದು. ಕೆಳಗಿಳಿಯಲು ಧೈರ್ಯವಾಗಲಿಲ್ಲ.

ಎರಡು ದಿನ ಬಿಟ್ಟು ಶೇಖರಮ್ಮ ಮಾಳಿಗೆಗೆ ಬಂದು ನಡೆದದ್ದನ್ನು ಹೇಳಿದರು. ಕಣ್ಣು ಬಾತಿದ್ದವು.

"ಸರ, ಆಕಿ ಖರೇನ ಹಂಗ ಅಂದಿದ್ಲೇನ್ರಿ?"

ಸುಳ್ಳು ಹೇಳಲಾಗಲಿಲ್ಲ. ನನಗೆ ತಿಳಿದಿರಲಿಲ್ಲ, ನಾನೇ ಕಟ್ಟಿದ ಮಾತು ಎಂದೆ.

"ನನಗೂ ಅನಿಸಿತ್ತು" ಎಂದರು. "ಆಕಿ ಬಾಯಿ ಬಾಳ ಹೊತ್ತು ಆಡಿತ್ತು. ನೀವು ಹೇಳಿದ್ದು ಸಣ್ಣದಿತ್ತು."

ಸಿಟ್ಟು ಮಾಡಲಿಲ್ಲ. ಆದರೆ ಆಮೇಲೆ ನನ್ನನ್ನು ಏನನ್ನೂ ಕೇಳಲಿಲ್ಲ. ಅಷ್ಟರಲ್ಲಿ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ಆಕಾಶದಿಂದ ಹೊಸ ಚಾನೆಲ್ಲುಗಳು ಬಂದ ಮೇಲೆ ಇಮಾಮ್‌ಸಾಬನ ಮಧ್ಯಾಹ್ನದ ಆಟ ನಿಂತಿತು. ಮರುವರ್ಷ ನನಗೆ ಸಿಂಧನೂರಿಗೆ ವರ್ಗವಾಯಿತು.

ಆ ಮನೆಗೆ ಮಾತು ಮರಳಿತು, ಆದರೆ ಸುಖ ಮರಳಿತು ಎನ್ನಲಾರೆ. ಕರಿಬಸಯ್ಯ ನೀರು ಕೇಳುತ್ತಿದ್ದರು, ಸಾರಿಗೆ ಉಪ್ಪು ಹೆಚ್ಚಾದರೆ ಗೊಣಗುತ್ತಿದ್ದರು. ಕೆಲವು ದಿನ ಇದ್ದಕ್ಕಿದ್ದಂತೆ ನೀ ಕಳಿಸಿದಿ ಎನ್ನುತ್ತಿದ್ದರು. ಹೌದು ಎಂದು ಆಕೆ ಪ್ರತಿ ಸಲವೂ ಒಪ್ಪಿಕೊಳ್ಳುತ್ತಿದ್ದರು. ಹಾಗೆ ಮೂರು ವರ್ಷ ನಡೆಯಿತು. ೧೯೯೮ರ ಶ್ರಾವಣದಲ್ಲಿ ಅಂಗಡಿಯಲ್ಲೇ ಎದೆನೋವು ಬಂದು ಕರಿಬಸಯ್ಯ ತೀರಿಕೊಂಡರು.

ಸುದ್ದಿ ತಡವಾಗಿ ತಿಳಿದು ನಾನು ಮಾತಾಡಿಸಲು ಹೋದೆ. ಅಂಗಡಿಯ ಪಾತ್ರೆಗಳನ್ನೆಲ್ಲ ಮನೆಗೆ ತಂದು ಪಡಸಾಲೆಯಲ್ಲಿ ಒಟ್ಟಿದ್ದರು. ಕೂರಲು ಜಾಗವಿರಲಿಲ್ಲ. ಶೇಖರಮ್ಮ ಎರಡು ಕೊಡ ಸರಿಸಿ ಚಾಪೆ ಹಾಸಿದರು. ಕರಿಬಸಯ್ಯನವರು ಕಡೆಗಾದರೂ ಮಾತಾಡಿದ್ದು ಒಳ್ಳೆಯದೇ ಆಯಿತಲ್ಲವೇ ಎಂದು ನಾನು ಸಮಾಧಾನಕ್ಕೆಂದು ಅಂದೆ. ಅವರು ಚಹಾ ಸೋಸಿ ಲೋಟ ನನ್ನ ಮುಂದಿಟ್ಟರು.

"ಒಳ್ಳೇದ ಆತ್ರಿ" ಎಂದರು. "ಆದ್ರ ಹತ್ತು ವರ್ಷ ಹಾಳಾದ್ವಲ್ಲ, ಸರ. ಮೊದಲ ದಿನಾನ ಬೈದಿದ್ರ ಇಬ್ಬರೂ ಕೂಡಿ ಅಳತಿದ್ವಿ."

ಚಹಾ ಕುಡಿದು ಎದ್ದೆ. ಪೀರ್‌ಬೀ ಬಾಗಿಲ ಬಳಿ ಒಂದೊಂದೇ ಚರಿಗೆಯ ಧೂಳು ಒರೆಸಿ ಒಳಗೆ ಕೊಡುತ್ತಿದ್ದಳು.