ಕನ್ನಡಕದ ದೊಡ್ಡಪ್ಪನ ಜೇನುಗೂಡು

ನಮ್ಮ ದೊಡ್ಡಪ್ಪನದು ಕನ್ನಡಕದ ಅಂಗಡಿ. ನಮ್ಮ ಬೀದಿಯ ಅರ್ಧ ಜನರ ಮೂಗಿನ ಮೇಲೆ ಕೂತಿರುವುದು ಅವರು ಕೊಟ್ಟ ಕನ್ನಡಕವೇ. ಅವರ ಮೂಗು ಮಾತ್ರ ಖಾಲಿ.

"ಮಾರೋನಿಗೇ ಕಣ್ಣು ಕಾಣಲ್ಲ ಅಂದ್ರೆ ಅಂಗಡಿಗೆ ಯಾರಪ್ಪಾ ಬರ್ತಾರೆ?" ಎನ್ನುವುದು ಅವರ ವಾದ. ಹಾಗಾಗಿ ಸಣ್ಣ ಸ್ಕ್ರೂ ಬಿಗಿ ಮಾಡುವ ಕೆಲಸವೆಲ್ಲ ದೊಡ್ಡಮ್ಮನ ಪಾಲು.

ಮೊನ್ನೆ ಅಂಗಡಿಯ ಬೋರ್ಡಿನ ಹಿಂದೆ ಒಂದು ಗೂಡು ಕಾಣಿಸಿಕೊಂಡಿತು. "ಜೇನು ಕಣೇ! ಅದೃಷ್ಟ ಮನೆ ಹುಡುಕ್ಕೊಂಡು ಬಂದಿದೆ" ಎಂದು ದೊಡ್ಡಪ್ಪ ಬಾಟಲಿ ತೊಳೆದು ಒಣಗಲು ಇಟ್ಟೇಬಿಟ್ಟರು. ಎದುರಿನ ಟೈಲರಿಗೆ ಅರ್ಧ ಬಾಟಲಿ ಕೊಡುವ ಮಾತೂ ಆಯಿತು.

ದೊಡ್ಡಮ್ಮ ತಲೆಯೆತ್ತಿ ನೋಡಿದರು. "ರೀ, ಅದು ಕಣಜದ ಹುಳ. ಸೊಂಟ ನೋಡಿ, ದಾರದ ಹಾಗಿದೆ. ಮೈಮೇಲೆ ಕೂದಲಿಲ್ಲ, ಮಿರಿಮಿರಿ ಅಂತಿದೆ. ಗೂಡು ಬೂದು ಕಾಗದ ಅಂಟಿಸಿದ ಹಾಗಿದೆ. ಮೇಣ ಹಾಗಿರುತ್ತಾ?"

"ನನಗೇ ನೋಡೋದು ಕಲಿಸ್ತೀಯಾ?"

"ಕಣಜವೇ ಆಗಿದ್ರೆ ಕನ್ನಡಕ ಹಾಕ್ಕೋತೀರಾ? ಯಾರಿಗೋ ತಪ್ಪು ಗಾಜು ಕೊಟ್ಟುಬಿಡ್ತೀರೋ ಅಂತ ನನಗೆ ದಿನಾ ಎದೆ ಡವಡವ."

"ಹಾಕ್ಕೋತೀನಿ, ಹೋಗೇ!"

ಈ ಜಗಳದ ನಡುವೆಯೇ ದೊಡ್ಡಪ್ಪ, ಬಾಗಿಲ ಪಕ್ಕದ ಹೂಕುಂಡದಲ್ಲಿ ಕೂತಿದ್ದ ದುಂಡನೆಯ ಹುಳವೊಂದನ್ನು "ಥೂ, ಕಣಜ!" ಎಂದು ಪೇಪರು ಬೀಸಿ ಓಡಿಸಿದರು. ಅದು ಅವರ ನಿತ್ಯದ ಸೇವೆ.

ಆಮೇಲೆ ಬಾಟಲಿ, ಚಾಕು ಹಿಡಿದು ಸ್ಟೂಲು ಹತ್ತಿದರು. ಹತ್ತಿದ್ದೇನೋ ನಿಜ, ಇಳಿದದ್ದನ್ನು ಇಳಿಯುವುದು ಎನ್ನಲಾಗದು. ಒಂದೇ ಹುಳ ಮೂಗಿಗೆ ಮತ್ತೆ ಮತ್ತೆ ಕುಟುಕಿತ್ತು. ಟೈಲರು ಓಡಿಬಂದು, "ನನ್ನ ಅರ್ಧ ಬೇಡ ಸಾರ್, ಪೂರ್ತಿ ನೀವೇ ಇಟ್ಕೊಳ್ಳಿ" ಎಂದರು.

ದೊಡ್ಡಮ್ಮ ಗಂಡನ ಮೂಗನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದರು. "ಮುಳ್ಳೇ ಇಲ್ಲ. ಜೇನಾಗಿದ್ರೆ ಒಂದ್ಸಲ ಕುಟುಕಿ ಮುಳ್ಳು ಬಿಟ್ಟು ಹೋಗ್ತಿತ್ತು" ಎಂದು ಐಸ್ ಒತ್ತಿ, ಕಪಾಟಿನಿಂದ ಕನ್ನಡಕ ತಂದಿಟ್ಟರು.

ಕೊಟ್ಟ ಮಾತು, ಹಾಕಿಕೊಳ್ಳಲೇಬೇಕು. ಆದರೆ ಬದನೆಕಾಯಿಯಂತೆ ಊದಿದ ಮೂಗು ಒಪ್ಪಬೇಕಲ್ಲ? ಕೊನೆಗೆ ಕೈಯಲ್ಲೇ ಕಣ್ಣಿಗೆ ಹಿಡಿದು ಹೂಕುಂಡದತ್ತ ತಿರುಗಿದರು. ಓಡಿಸಿದ್ದ ಹುಳ ಮತ್ತೆ ಬಂದಿತ್ತು. ಕಂದು ಮೈ, ಮೈತುಂಬ ನವಿರಾದ ಕೂದಲು, ಹಿಂಗಾಲಿನಲ್ಲಿ ಹಳದಿ ಪರಾಗದ ಉಂಡೆ.

"ಇದ್ಯಾವುದೇ?"

"ಜೇನು ರೀ. ದಿನಾ ಹೊಡೆದು ಓಡಿಸ್ತೀರಲ್ಲ, ಅದೇ."

ದೊಡ್ಡಪ್ಪ ಪೇಪರನ್ನು ಮೆಲ್ಲಗೆ ಕಾಲಿನಿಂದ ಟೇಬಲ್ಲಿನ ಕೆಳಗೆ ತಳ್ಳಿದರು. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ. "ಏನ್ ಸಾರ್, ನಿಮಗೂ ಕನ್ನಡಕ ಬಂತಾ?"

"ನನಗ್ಯಾಕಪ್ಪಾ?" ಎಂದರು ದೊಡ್ಡಪ್ಪ, ಕನ್ನಡಕ ಇಳಿಸದೆ. "ಇದು ಹುಳ ನೋಡೋಕೆ."