ಮದ್ದಿಲ್ಲದ ಮೊದಲ ಕಾಡತೂಸು

ಅಂಕಲ್ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿತ್ತು. ಹಿಂದೆ ಬೆಂಗಳೂರಿನ ಕಾರ್ಖಾನೆಯ ಟೂಲ್ ರೂಮಿನಲ್ಲಿ ಲೇಥಿಗೆ ಸಿಕ್ಕಿದ ಉಗುರು. ಆ ಸೀಳಿಗೆ ಗುಂಡಿನ ತುದಿ ತಾಗಿಸಿ, ಎಡಗೈಯಲ್ಲಿ ಕಾಡತೂಸನ್ನು ನಿಧಾನವಾಗಿ ತಿರುಗಿಸುತ್ತಿದ್ದರು. ಗುಂಡು ಕೂದಲೆಳೆಯಷ್ಟು ಓರೆ ಕೂತಿದ್ದರೂ ಉಗುರಿಗೆ ಗೊತ್ತಾಗುತ್ತಿತ್ತು. ಆಮೇಲೆ ಅಳತೆಗೆ ಇಟ್ಟು ನೋಡಿದರೆ ಉಗುರು ಹೇಳಿದ್ದೇ ಸರಿ.

ತೊಂಬತ್ತರ ದಶಕದ ಮಾತು. ಅಮೆರಿಕದ ಸ್ಟರ್ಲಿಂಗ್ ಊರಿನ ಒಂದು ಬಂದೂಕಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರ ಬೆಂಚು. ಗುರಿ ಹೊಡೆಯುವ ಸ್ಪರ್ಧೆಗೆ ಹೋಗುವವರು ಹಾರಿಸಿದ ಕಾಡತೂಸಿನ ಖಾಲಿ ಹಿತ್ತಾಳೆ ಕೊಳವೆ, ಅಂದರೆ ಕೇಸು, ತಂದು ಕೊಡುತ್ತಿದ್ದರು. ಅದಕ್ಕೆ ಮದ್ದು ತುಂಬಿ ಹೊಸ ಗುಂಡು ಕೂರಿಸಿ ಕೊಡುವುದು ನಮ್ಮ ಕೆಲಸ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಅದೇ ಊರಲ್ಲಿದ್ದ ಭಾವನ ಹೋಟೆಲಿನಲ್ಲಿ ಪಾತ್ರೆ ತಿಕ್ಕುತ್ತಾ ಬೈಸಿಕೊಳ್ಳುತ್ತಿದ್ದೆ. ಅಲ್ಲಿಗೆ ಊಟಕ್ಕೆ ಬರುತ್ತಿದ್ದ ಅಂಕಲ್ಲೇ ಅಂಗಡಿ ಓನರಿಗೆ ಹೇಳಿ ನನ್ನನ್ನು ಸೇರಿಸಿಕೊಂಡರು.

ಗುಂಡನ್ನು ಕೇಸಿನ ಬಾಯಿಗೆ ಒತ್ತಿ ಕೂರಿಸುವ ಅಚ್ಚಿಗೆ ಡೈ ಅನ್ನುತ್ತಾರೆ. ತಲೆಯ ಮೇಲೆ ಮೈಕ್ರೋಮೀಟರ್ ಇರುವ ದುಬಾರಿ ಡೈ ನೋಡಿ ಗಿರಾಕಿಗಳು ಬಾಯಿ ಬಿಡುತ್ತಿದ್ದರು. ಅಂಕಲ್ ಮೊದಲು ಅದನ್ನು ಬಿಚ್ಚಿ, ಗುಂಡನ್ನು ಒತ್ತುವ ಒಳಗಿನ ಕಡ್ಡಿ ನೋಡುತ್ತಿದ್ದರು. ಕಡ್ಡಿಯ ಗುಳಿಯೊಳಗೆ ಗುಂಡು ಇಟ್ಟು ತಿರುಗಿಸಿದರೆ ಗುಂಡಿನ ತುದಿಗಿಂತ ಕೆಳಗೆ, ಸುತ್ತಲೂ ತೆಳುವಾದ ಉಂಗುರದ ಗುರುತು ಬೀಳಬೇಕು.

"ಮೂತಿ ಮುಟ್ಟಬಾರದು ಕಣೋ, ಭುಜ ಹಿಡೀಬೇಕು. ಮೂತಿ ಒತ್ತೋ ಡೈ ಎಷ್ಟು ಡಾಲರ್ ಆದ್ರೂ ವೇಸ್ಟು."

ಇನ್ನೊಂದು ನಿಯಮವಿತ್ತು. ಗುಂಡಿನ ಹೊಸ ಡಬ್ಬಿ ಒಡೆದರೆ ಮೊದಲ ಕಾಡತೂಸಿಗೆ ಮದ್ದು ಹಾಕುವಂತಿಲ್ಲ. ಬರೀ ಗುಂಡು ಕೂರಿಸಿ, ಉದ್ದ ಅಳೆದು, ಡೈ ಸರಿಮಾಡಿ, ಆ ಅಳತೆಯನ್ನು ಟೇಪಿನ ಮೇಲೆ ಬರೆದು ಡೈಗೆ ಅಂಟಿಸಬೇಕು. ನನಗೆ ಇದೆಲ್ಲ ಹೆಂಗಸರ ಮಡಿಯಂತೆ ಕಾಣುತ್ತಿತ್ತು.

ಒಂದು ಶುಕ್ರವಾರ ಅಂಕಲ್ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಮರುದಿನದ ಸ್ಪರ್ಧೆಯ ಆರ್ಡರ್ ನಾನು ಮಾಡುತ್ತಿದ್ದೆ. ಅರ್ಧಕ್ಕೆ ಡಬ್ಬಿ ಖಾಲಿಯಾಯಿತು. ಬೇರೆ ಕಂಪನಿಯ ಡಬ್ಬಿ ಒಡೆದೆ. ತೂಕ ಒಂದೇ ಅಲ್ಲವಾ ಅಂದುಕೊಂಡೆ. ಆಕಾರ ಬೇರೆ ಇತ್ತು. ಡೈ ಮುಟ್ಟದೆ ಉಳಿದದ್ದನ್ನೂ ಒತ್ತಿ ಮುಗಿಸಿದೆ.

ಶನಿವಾರ ಆ ಆರ್ಡರ್ ಕೊಟ್ಟಿದ್ದ ಗಿರಾಕಿ ರೈಫಲಿಗೆ ಕಾಡತೂಸು ಹಾಕಿದ. ಹೊಡೆಯುವ ಮೊದಲೇ ಸ್ಪರ್ಧೆ ನಡೆಸುವವರು, ಎಲ್ಲರೂ ನಿಲ್ಲಿಸಿ ಅಂದರು. ಹಾಕಿದ ಕಾಡತೂಸು ತೆಗೆಯಲು ಹಿಂದಕ್ಕೆ ಎಳೆದರೆ ಕೇಸು ಮಾತ್ರ ಬಂತು. ಬೇಕಾದ್ದಕ್ಕಿಂತ ಉದ್ದಕ್ಕೆ ಕೂತಿದ್ದ ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿತು, ಮದ್ದು ರೈಫಲಿನೊಳಗೆಲ್ಲ ಚೆಲ್ಲಿತು. ಅವನ ಸ್ಪರ್ಧೆ ಅಲ್ಲಿಗೇ ಮುಗಿಯಿತು. ಸಂಜೆ ಬಂದು ಮಿಕ್ಕಿದ್ದನ್ನು ಕೌಂಟರಿನ ಮೇಲೆ ಸುರಿದ.

ಓನರ್ ಡೈ ತೆಗೆದು ನೋಡಿದ. ಟೇಪಿನ ಮೇಲೆ ಅಂಕಲ್ ಕೈಬರಹ. ಮುದುಕನಿಗೆ ಕಣ್ಣು ಹೋಯಿತು ಅಂತ ಎಲ್ಲರ ಮುಂದೆ ಅಂದ. ಅಂಕಲ್ ಒಂದು ಕಾಡತೂಸು ಎತ್ತಿ ಅಳೆದರು. ಕಸದ ಬುಟ್ಟಿಯಿಂದ ಖಾಲಿ ಡಬ್ಬಿ ತೆಗೆದು ಹೊಸದರ ಪಕ್ಕ ಇಟ್ಟರು. ನನ್ನನ್ನು ನೋಡಿದರು. ನಾನು ಪೊರಕೆ ಹಿಡಿದು ನೆಲ ಗುಡಿಸಲು ಶುರು ಮಾಡಿದೆ. ಬಾಯಿ ಬಿಟ್ಟರೆ ಮತ್ತೆ ಭಾವನ ಪಾತ್ರೆಗಳೇ ಗತಿ.

ಅವರು ನನ್ನನ್ನು ಕಾಪಾಡಿದರು ಅಂತ ಬರೆಯುವುದಿಲ್ಲ. ನಾನೇ ಹೇಳಲಿ ಅಂತ ಅವರು ಕಾದರು. ಓನರ್ ಇನ್ನು ಬರಬೇಡ ಅಂದ ಮೇಲೂ ಅಂಗಡಿ ಮುಚ್ಚುವವರೆಗೆ ಬೆಂಚಿನ ಮುಂದೆ ಕೂತು ಕಾದರು. ಎದ್ದು ಹೋಗುವಾಗ, ಅಷ್ಟರಲ್ಲಿ ಮಾಡಿಟ್ಟಿದ್ದ ಒಂದು ಕಾಡತೂಸು ನನ್ನ ಮುಂದಿಟ್ಟರು.

"ಆ ಹೊಸ ಡಬ್ಬಿದು. ಮದ್ದು ಹಾಕಿಲ್ಲ. ಇಟ್ಕೋ."

ಅವರ ಬೆಂಚು ನನಗೆ ಬಂತು. ಅಂಕಲ್ ತಮ್ಮ ಹೆಂಡತಿ ಆಂಟಿಯ ಜೊತೆ ಮಗಳ ಮನೆಗೆ ಅಂತ ಶಾರ್ಲೆಟ್‌ಗೆ ಹೋದರು. ನಾನು ಒಂದು ಫೋನೂ ಮಾಡಲಿಲ್ಲ. ಎರಡು ವರ್ಷದ ಮೇಲೆ ಆಂಟಿಯೇ ಮಾಡಿ, ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು ಅಂದರು. ಆ ತಪ್ಪು ನನ್ನದು ಅಂತ ಆಗ ಹೇಳಿದೆ.

"ಗೊತ್ತಪ್ಪಾ. ನನಗ್ಯಾಕೆ ಹೇಳ್ತೀಯ? ಹೇಳ್ಬೇಕಾಗಿದ್ದು ಆ ಓನರ್‌ಗೆ. ಅವನು ಫೋನ್ ಮಾಡ್ತಾನೆ ಅಂತ ಇವರು ಎಷ್ಟು ದಿನ ಕಾದ್ರು ಗೊತ್ತಾ?"

ಮರುದಿನ ಓನರಿಗೆ ಹೇಳಿದೆ. ಅವನು ಕಾಫಿ ಕುಡಿಯುತ್ತಿದ್ದ. ಯಾವ ಮುದುಕ ಅಂತ ಒಂದು ಗಳಿಗೆ ಯೋಚಿಸಿದ. ಹಳೆಯದು ಬಿಡು ಅಂದು, ಶನಿವಾರದ ಆರ್ಡರ್ ರೆಡಿಯಾ ಅಂತ ಕೇಳಿದ.

ಒಳಗೆ ಬಂದು ಹೊಸ ಡಬ್ಬಿ ಒಡೆದೆ. ಮದ್ದಿಲ್ಲದ ಮೊದಲನೆಯದನ್ನು ಮಾಡಿ ಹೆಬ್ಬೆರಳಿಗೆ ತಾಗಿಸಿ ತಿರುಗಿಸಿದೆ. ನನ್ನ ಉಗುರಿಗೆ ಏನೂ ತಿಳಿಯಲಿಲ್ಲ.